ರಿಸೀವರ್‌ನ ಮೈಕಟ್ಟಿಗೆ ಡ್ರಾಫ್ಟ್‌ನಲ್ಲಿ ಬೆಲೆ ಎಷ್ಟು?

ಪ್ರಶ್ನೆ: ನಾವು ಹಾಸನದ ಕಡೆಯವರು, ಹದಿನೆಂಟು ವರ್ಷಗಳಿಂದ ಅಮೆರಿಕದ ಟೆಕ್ಸಸ್‌ನಲ್ಲಿದ್ದೇವೆ. ನಮ್ಮ ಮಗ ಹೈಸ್ಕೂಲ್‌ನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ವೈಡ್ ರಿಸೀವರ್, ಎಂದರೆ ಮುಂದಕ್ಕೆ ಓಡಿ, ಎಸೆದ ಚೆಂಡನ್ನು ಹಿಡಿಯುವ ಆಟಗಾರ. ವಯಸ್ಸು 16, ಎತ್ತರ 5 ಅಡಿ 9 ಅಂಗುಲ, ತೂಕ 155 ಪೌಂಡ್. ಚೆನ್ನಾಗಿ ಓಡುತ್ತಾನೆ, ಕೈಗೆ ಬಂದ ಚೆಂಡನ್ನು ಬಿಡುವುದಿಲ್ಲ. ಆದರೆ ಈ ಮೈಕಟ್ಟಿನವನು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನ (ಆಟಗಾರರ ಆಯ್ಕೆಯ) ಕನಸು ಕಾಣುವುದೇ ವ್ಯರ್ಥ ಎಂದು ಪರಿಚಿತರು ಹೇಳುತ್ತಾರೆ. ಒಂದೇ ವರ್ಷದಲ್ಲಿ 20 ಪೌಂಡ್ ಏರಿಸಬೇಕೆಂದು ತರಬೇತುದಾರರೊಬ್ಬರು ಸಲಹೆ ಕೊಟ್ಟಿದ್ದಾರೆ. ರಿಸೀವರ್‌ನ ಗಾತ್ರ ನಿಜವಾಗಿಯೂ ಅಷ್ಟು ಮುಖ್ಯವೇ?

ಉತ್ತರ: ಮೊದಲು ನೇರವಾದ ಉತ್ತರ ಕೊಟ್ಟುಬಿಡುತ್ತೇನೆ, ಕಾರಣಗಳನ್ನು ಆಮೇಲೆ ಬಿಡಿಸುತ್ತೇನೆ. ರಿಸೀವರ್‌ನ ಮೈಕಟ್ಟು ಡ್ರಾಫ್ಟ್‌ನಲ್ಲಿ ಖಂಡಿತವಾಗಿಯೂ ಲೆಕ್ಕಕ್ಕೆ ಬರುತ್ತದೆ, ತಂಡಗಳು ಆಟಗಾರನಿಗೆ ಕಟ್ಟುವ ಬೆಲೆ ಅದರಿಂದ ಏರಿಳಿಯುತ್ತದೆ. ಎತ್ತರವಾದ, ಕಟ್ಟುಮಸ್ತಾದ ಆಟಗಾರನ ಕೊರತೆಗಳನ್ನು ತಂಡಗಳು ಕಲಿಸಿ ತಿದ್ದಬಹುದಾದ ಕೊರತೆಗಳೆಂದು ನೋಡುತ್ತವೆ. ಗಿಡ್ಡನೆಯ, ಹಗುರ ಆಟಗಾರನಲ್ಲಿ ಅದೇ ಕೊರತೆ ಕಂಡರೆ ಅವನ ಹೆಸರು ಒಂದೆರಡು ಸುತ್ತು ಕೆಳಕ್ಕೆ ಜಾರುತ್ತದೆ. ಆದರೆ ಹೀಗೆ ಕಟ್ಟಿದ ಬೆಲೆಗೂ ಮುಂದೆ ಮೈದಾನದಲ್ಲಿ ಆ ಆಟಗಾರ ಗಳಿಸುವ ಯಶಸ್ಸಿಗೂ ಇರುವ ನಂಟು ಬಹಳ ಸಡಿಲವಾದದ್ದು. ನಿಮ್ಮ ಪರಿಚಿತರು ಹೇಳಿದ್ದು ಅರ್ಧ ಸತ್ಯ. ತರಬೇತುದಾರರ ಸಲಹೆಯ ಉದ್ದೇಶ ಸರಿಯಾಗಿದ್ದರೂ, ಅವರು ಹಾಕಿಕೊಟ್ಟ ಅವಧಿ ನನಗೆ ಒಪ್ಪಿಗೆಯಾಗುವುದಿಲ್ಲ.

ಮನೆಯ ಹಿರಿಯರಿಗೂ ಅರ್ಥವಾಗಲೆಂದು ವ್ಯವಸ್ಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಎನ್‌ಎಫ್‌ಎಲ್‌ನ 32 ತಂಡಗಳು ಪ್ರತಿ ವರ್ಷ ಏಪ್ರಿಲ್ ತಿಂಗಳ ಕೊನೆಯಲ್ಲಿ, ಏಳು ಸುತ್ತುಗಳಲ್ಲಿ, ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಹೈಸ್ಕೂಲ್ ಮುಗಿದು ಕನಿಷ್ಠ ಮೂರು ವರ್ಷ ಕಳೆಯದೆ ಯಾರೂ ಈ ಆಯ್ಕೆಗೆ ಅರ್ಹರಾಗುವುದಿಲ್ಲ. ಎಂದರೆ ನಿಮ್ಮ ಮಗನ ಹೆಸರು ಈ ಪಟ್ಟಿಗೆ ಬರುವುದಾದರೂ ಅದಕ್ಕೆ ಇನ್ನೂ ನಾಲ್ಕೈದು ವರ್ಷಗಳಾದರೂ ಬೇಕು. 16ರ ಹುಡುಗನ ಇಂದಿನ ಅಳತೆಯನ್ನು 22ರ ಯುವಕನ ಅಳತೆಯೊಂದಿಗೆ ಹೋಲಿಸುವುದು ಮೊದಲ ತಪ್ಪು.

ಅಳತೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ತಂಡಗಳ ಮನಸ್ಸು ಅಲ್ಲಿಯೇ ತಿಳಿಯುತ್ತದೆ. ಡ್ರಾಫ್ಟ್‌ಗೆ ಮೊದಲು ಇಂಡಿಯಾನಾಪೊಲಿಸ್ ನಗರದಲ್ಲಿ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. ಸುಮಾರು ಮುನ್ನೂರಕ್ಕೂ ಹೆಚ್ಚು ಆಟಗಾರರಿಗೆ ಅದಕ್ಕೆ ಕರೆ ಬರುತ್ತದೆ. ಅಲ್ಲಿ ಬರಿಗಾಲಲ್ಲಿ ನಿಲ್ಲಿಸಿ ಎತ್ತರ ನೋಡುತ್ತಾರೆ, ಚಡ್ಡಿಯಲ್ಲಿ ತೂಕ ಹಾಕುತ್ತಾರೆ, ಅಂಗೈ ಬಿಡಿಸಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಳೆಯುತ್ತಾರೆ, ಭುಜದಿಂದ ನಡುಬೆರಳ ತುದಿಯವರೆಗೆ ತೋಳಿನ ಉದ್ದವನ್ನು ಗುರುತಿಸುತ್ತಾರೆ. ಎತ್ತರವನ್ನು ಸ್ಕೌಟ್‌ಗಳು, ಎಂದರೆ ತಂಡಗಳ ಪರವಾಗಿ ಆಟಗಾರರನ್ನು ಹುಡುಕಿ ತೂಗಿ ನೋಡುವವರು, ನಾಲ್ಕು ಅಂಕಿಗಳಲ್ಲಿ ಬರೆಯುವುದು ರೂಢಿ. 5093 ಎಂದರೆ 5 ಅಡಿ 9 ಅಂಗುಲ ಮತ್ತು ಅಂಗುಲದ ಎಂಟರಲ್ಲಿ ಮೂರು ಭಾಗ. ಅಂಗುಲವನ್ನು ಎಂಟಾಗಿ ಸೀಳಿ ಲೆಕ್ಕ ಇಡುವವರಿಗೆ ಗಾತ್ರ ಅಮುಖ್ಯ ಎಂದು ನಾನು ಹೇಳಿದರೆ ಅದು ನಿಮ್ಮನ್ನು ಸಮಾಧಾನಪಡಿಸುವ ಮಾತಾದೀತೇ ಹೊರತು ನಿಜವಾಗುವುದಿಲ್ಲ. ಕಾಲೇಜುಗಳು ತಮ್ಮ ಪಟ್ಟಿಯಲ್ಲಿ ಒಂದಂಗುಲ, ಐದಾರು ಪೌಂಡ್ ಸೇರಿಸಿ ಬರೆಯುವುದುಂಟು. ಕಂಬೈನ್‌ನಲ್ಲಿ ಆ ಉಬ್ಬರ ಇಳಿಯುತ್ತದೆ.

ಆಟಗಾರನ ದೇಹವನ್ನು ಅಂಕಿಗಳಿಗೆ ಇಳಿಸುವ ಈ ಪದ್ಧತಿಗೆ ಭಾರತದವರೊಬ್ಬರ ಕೈ ತಾಗಿದೆ ಎಂಬುದನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. 1960ರ ದಶಕದಲ್ಲಿ ನಿಮ್ಮದೇ ರಾಜ್ಯದ ಡಲ್ಲಾಸ್ ಕೌಬಾಯ್ಸ್ ತಂಡ ಕಂಪ್ಯೂಟರ್ ನೆರವಿನಿಂದ ಆಟಗಾರರನ್ನು ತೂಗಿ ನೋಡಲು ಮುಂದಾದಾಗ, ಅದರ ಗಣಿತವನ್ನು ಕಟ್ಟಿಕೊಟ್ಟವರು ಅಲಿಗಢದಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಸಲಾಂ ಖುರೇಷಿ ಎಂಬ ಸಂಖ್ಯಾಶಾಸ್ತ್ರಜ್ಞರು. ಆ ವ್ಯವಸ್ಥೆಯಲ್ಲಿ ಚುರುಕುತನ, ದೇಹದ ಮೇಲಿನ ಹಿಡಿತ, ಪೈಪೋಟಿಯ ಛಲ ಮುಂತಾದ ಗುಣಗಳಿಗೂ ಅಂಕ ಕೊಡಲಾಗುತ್ತಿತ್ತು. ಗಾತ್ರವೊಂದೇ ಸಾಲದು ಎಂಬ ಅರಿವು ಈ ವಿದ್ಯೆಯ ಹುಟ್ಟಿನಲ್ಲಿಯೇ ಇತ್ತು.

ಈಗ ಮುಖ್ಯ ಪ್ರಶ್ನೆ: ಗಾತ್ರದಿಂದ ತಂಡಗಳು ಏನನ್ನು ಊಹಿಸುತ್ತವೆ? ಇದಕ್ಕೆ ರಿಸೀವರ್ ನಿಲ್ಲುವ ಜಾಗಗಳನ್ನು ತಿಳಿಯಬೇಕು. ದಾಳಿ ಮಾಡುವ ತಂಡದ ಏಳು ಮಂದಿ, ಆಟ ಶುರುವಾಗುವಾಗ ಚೆಂಡು ಇರುವ ಗೆರೆಯ ಮೇಲೆಯೇ ನಿಲ್ಲಬೇಕೆಂಬ ನಿಯಮವಿದೆ. ಹಾಗೆ ಗೆರೆಗೆ ತಾಗಿ ಒಂದು ಅಂಚಿನಲ್ಲಿ ಒಬ್ಬಂಟಿಯಾಗಿ ನಿಲ್ಲುವ ರಿಸೀವರ್‌ನನ್ನು ಎಕ್ಸ್ ಎನ್ನುತ್ತಾರೆ. ರಿಸೀವರ್‌ನನ್ನು ತಡೆಯುವ ಎದುರಾಳಿ ರಕ್ಷಕನಾದ ಕಾರ್ನರ್‌ಬ್ಯಾಕ್ ಅವನ ಮೂಗಿಗೆ ಮೂಗು ತಾಗುವಂತೆ ಬಂದು ನಿಲ್ಲಬಹುದು. ಇನ್ನೊಂದು ಅಂಚಿನಲ್ಲಿ ಗೆರೆಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲುವವನು ಝಡ್. ಆ ಒಂದು ಹೆಜ್ಜೆಯೇ ಅವನಿಗೆ ಉಸಿರಾಡಲು ಜಾಗ ಕೊಡುತ್ತದೆ, ಆಟ ಶುರುವಾಗುವ ಮೊದಲೇ ಅಡ್ಡಡ್ಡ ಚಲಿಸುವ ಸ್ವಾತಂತ್ರ್ಯವೂ ಅವನಿಗಿದೆ. ಇವರಿಬ್ಬರ ಒಳಭಾಗದಲ್ಲಿ ನಿಲ್ಲುವವನು ಸ್ಲಾಟ್ ರಿಸೀವರ್; ಅವನು ಎಡಕ್ಕೂ ಬಲಕ್ಕೂ ತಿರುಗಬಲ್ಲ.

ಎಕ್ಸ್ ಜಾಗದಲ್ಲಿ ಆಡುವವನ ಮೊದಲ ಒಂದು ಕ್ಷಣವನ್ನು ನಿಧಾನಗತಿಯ ವಿಡಿಯೋದಲ್ಲಿ ನೋಡಿ. ಚೆಂಡು ಕದಲಿದ ಕೂಡಲೇ ಕಾರ್ನರ್‌ಬ್ಯಾಕ್‌ನ ಎರಡೂ ಅಂಗೈಗಳು ರಿಸೀವರ್‌ನ ಎದೆಗೆ ಬರುತ್ತವೆ. ಹಗುರ ದೇಹದವನು ಅರ್ಧ ಹೆಜ್ಜೆ ಅಂಚಿನ ಗೆರೆಯ ಕಡೆಗೆ ವಾಲಿದರೆ ಅಲ್ಲಿಗೆ ಆ ಆಟದಲ್ಲಿ ಅವನ ಪಾತ್ರ ಮುಗಿಯಿತು, ಏಕೆಂದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಲು ಎಣಿಸಿಟ್ಟುಕೊಂಡ ಹೊತ್ತಿಗೆ ಅವನು ತಲುಪಬೇಕಾದ ಜಾಗವನ್ನು ತಲುಪಿರುವುದಿಲ್ಲ. ಸ್ಕೌಟ್‌ಗಳು 170 ಪೌಂಡ್‌ಗಿಂತ ಕಡಿಮೆ ತೂಕದ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುವುದು ಮುಖ್ಯವಾಗಿ ಈ ಒಂದು ಕ್ಷಣವನ್ನು ನೆನೆದು. ನಮ್ಮ ಕಬಡ್ಡಿ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ: ಹಗುರ ರೈಡರ್ ಒಮ್ಮೆ ಹಿಡಿತಕ್ಕೆ ಸಿಕ್ಕರೆ ಎಳೆದುಕೊಂಡು ಗೆರೆ ಮುಟ್ಟುವುದು ಕಷ್ಟ, ಆದ್ದರಿಂದ ಅವನ ವಿದ್ಯೆಯೆಲ್ಲ ಕೈಗೆ ಸಿಗದಿರುವುದರಲ್ಲಿದೆ. ಸಣ್ಣ ರಿಸೀವರ್‌ನ ವಿದ್ಯೆಯೂ ಅದೇ.

ಈ ವಿದ್ಯೆಗೆ ನಿಯಮಗಳೂ ಕಾಲಕ್ರಮದಲ್ಲಿ ಬೆಂಬಲವಾಗಿ ಬಂದಿವೆ. 1978ಕ್ಕೆ ಮೊದಲು ರಿಸೀವರ್‌ನನ್ನು ಮೈದಾನದುದ್ದಕ್ಕೂ ತಳ್ಳುತ್ತ ಸಾಗುವುದು ರಕ್ಷಕರಿಗೆ ಸಾಧ್ಯವಿತ್ತು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೆಲ್ ಬ್ಲೌಂಟ್ ಎಂಬ ದೈತ್ಯ ಕಾರ್ನರ್‌ಬ್ಯಾಕ್ ಈ ಕಲೆಯಲ್ಲಿ ಎಷ್ಟು ಪಳಗಿದ್ದರೆಂದರೆ, ಗೆರೆಯಿಂದ 5 ಗಜದಾಚೆ ರಿಸೀವರ್‌ನನ್ನು ತಳ್ಳಕೂಡದು ಎಂದು ಆ ವರ್ಷ ಬಂದ ನಿಯಮವನ್ನು ಜನ ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. 2004ರಲ್ಲಿ ಆ ನಿಯಮವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಜಾರಿಗೊಳಿಸಲು ಲೀಗ್ ನಿರ್ಧರಿಸಿತು. ಮೂವರು ರಿಸೀವರ್‌ಗಳನ್ನು ಒಟ್ಟಿಗೆ ಇಳಿಸುವುದು ಈಗ ಸಾಮಾನ್ಯವಾದ್ದರಿಂದ ಸ್ಲಾಟ್ ಜಾಗದವನು ಬದಲಿ ಆಟಗಾರನಾಗಿ ಉಳಿದಿಲ್ಲ, ಪೂರ್ಣಾವಧಿಯ ಆಟಗಾರನಾಗಿದ್ದಾನೆ. ಸಣ್ಣ ಮೈಕಟ್ಟಿನವರ ಬೆಲೆ ಏರಿರುವುದಕ್ಕೆ ತಂಡಗಳ ಔದಾರ್ಯ ಕಾರಣವಲ್ಲ, ಆಟದ ನಡೆಯೇ ಹಾಗೆ ಬದಲಾಗಿದೆ.

ಇಲ್ಲಿ ಎತ್ತರ ಮತ್ತು ತೂಕವನ್ನು ಬೇರೆಬೇರೆಯಾಗಿ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಾತ್ರ ಎಂಬ ಒಂದೇ ಪದದೊಳಗೆ ಎರಡನ್ನೂ ಕಟ್ಟಿಹಾಕಿದ್ದರಿಂದ ಬಹಳಷ್ಟು ಗೊಂದಲವಾಗಿದೆ. ಎತ್ತರ ಎಂದರೆ ಚೆಂಡನ್ನು ಎಟುಕಿಸಿಕೊಳ್ಳುವ ವ್ಯಾಪ್ತಿ. ಆ ವ್ಯಾಪ್ತಿಯನ್ನು ಉದ್ದ ತೋಳು, ದೊಡ್ಡ ಅಂಗೈ, ಒಳ್ಳೆಯ ಜಿಗಿತ ಬಹುಮಟ್ಟಿಗೆ ತುಂಬಿಕೊಡಬಲ್ಲವು. 2014ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ 12ನೆಯವನಾಗಿ ಆರಿಸಿಕೊಂಡ ಓಡೆಲ್ ಬೆಕ್‌ಹ್ಯಾಮ್ ಜೂನಿಯರ್ 6 ಅಡಿಯನ್ನೂ ಮುಟ್ಟಿರಲಿಲ್ಲ, ಆದರೆ ಅಂಗೈಯ ಅಳತೆ 10 ಅಂಗುಲವಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಡಲ್ಲಾಸ್ ವಿರುದ್ಧ ಹಿಂದಕ್ಕೆ ಬಾಗಿ ಒಂದೇ ಕೈಯಲ್ಲಿ ಚೆಂಡನ್ನು ಹಿಡಿದದ್ದನ್ನು ನೀವೂ ನೋಡಿರಬಹುದು. ತೂಕದ ವಿಚಾರ ಬೇರೆ. ಅದು ತಳ್ಳಾಟವನ್ನು ತಾಳಿಕೊಳ್ಳುವ ಶಕ್ತಿ, ಚೆಂಡು ಹಿಡಿದ ಮೇಲೆ ಟ್ಯಾಕಲ್ ಮುರಿದು ಮುನ್ನುಗ್ಗುವ ಶಕ್ತಿ. 5 ಅಡಿ 9 ಅಂಗುಲದ, 185 ಪೌಂಡ್‌ನ ಗಟ್ಟಿ ಆಟಗಾರನಿಗಿಂತ 6 ಅಡಿ ಎತ್ತರದ, 165 ಪೌಂಡ್‌ನ ಸಣಕಲು ಆಟಗಾರನ ಬಗ್ಗೆಯೇ ಸ್ಕೌಟ್‌ಗಳಿಗೆ ಹೆಚ್ಚು ಚಿಂತೆ. ಕೆರೊಲಿನಾ ಪ್ಯಾಂಥರ್ಸ್‌ನ ಸ್ಟೀವ್ ಸ್ಮಿತ್ 5 ಅಡಿ 9 ಅಂಗುಲದವರು, 2001ರಲ್ಲಿ ಮೂರನೆಯ ಸುತ್ತಿನಲ್ಲಿ ಆಯ್ಕೆಯಾದವರು. 2005ರಲ್ಲಿ ಅವರು ಚೆಂಡು ಹಿಡಿದ ಸಂಖ್ಯೆ, ಹಿಡಿದು ಮುಂದೆ ಸಾಗಿ ಗಳಿಸಿದ ಗಜಗಳು, ಎದುರಾಳಿಯ ಗೋಲು ಗೆರೆ ದಾಟಿಸಿದ ಟಚ್‌ಡೌನ್‌ಗಳು ಈ ಮೂರರಲ್ಲೂ ಲೀಗ್‌ನ ಅಗ್ರಸ್ಥಾನದಲ್ಲಿದ್ದರು. ಗಿಡ್ಡರಾಗಿದ್ದರೂ ಅವರನ್ನು ಯಾರೂ ಸುಲಭವಾಗಿ ತಳ್ಳಲಾಗುತ್ತಿರಲಿಲ್ಲ.

ಸಣಕಲು ದೇಹದ ಚರ್ಚೆ ಅತ್ಯಂತ ತೀವ್ರವಾದದ್ದು 2021ರಲ್ಲಿ, ಡೆವೊಂಟಾ ಸ್ಮಿತ್ ವಿಚಾರದಲ್ಲಿ. ಅಲಬಾಮಾ ವಿಶ್ವವಿದ್ಯಾಲಯದ ಪರವಾಗಿ 2020ರ ಋತುವಿನಲ್ಲಿ 117 ಬಾರಿ ಚೆಂಡು ಹಿಡಿದು 1,856 ಗಜ ಗಳಿಸಿ, 23 ಟಚ್‌ಡೌನ್ ಮಾಡಿ, ಕಾಲೇಜು ಆಟದ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 1991ರ ಬಳಿಕ ಪಡೆದ ಮೊದಲ ರಿಸೀವರ್ ಎನಿಸಿದ್ದರು. ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯದ ಮೊದಲಾರ್ಧದಲ್ಲಿಯೇ 12 ಬಾರಿ ಚೆಂಡು ಹಿಡಿದು 215 ಗಜ ಗಳಿಸಿದ್ದರು. ಇಷ್ಟಾದರೂ ಡ್ರಾಫ್ಟ್‌ಗೆ ಮೊದಲಿನ ವಾರಗಳಲ್ಲಿ ಮಾತೆಲ್ಲ ಅವರ ತೂಕದ ಸುತ್ತಲೇ ತಿರುಗಿತು. ಕೋವಿಡ್ ಕಾರಣದಿಂದ ಆ ವರ್ಷ ಕಂಬೈನ್ ನಡೆಯಲಿಲ್ಲ; ಇಂಡಿಯಾನಾಪೊಲಿಸ್‌ನ ವೈದ್ಯಕೀಯ ತಪಾಸಣೆಯಲ್ಲಿ ತಕ್ಕಡಿ ತೋರಿಸಿದ್ದು 166 ಪೌಂಡ್, ಅಂದರೆ ಸುಮಾರು 75 ಕಿಲೋ. ಆರಡಿ ಎತ್ತರಕ್ಕೆ ಅದು ನಿಜಕ್ಕೂ ಕಡಿಮೆಯೇ. ಫಿಲಡೆಲ್ಫಿಯಾ ಈಗಲ್ಸ್ ತಂಡ ಇನ್ನೊಂದು ತಂಡದೊಡನೆ ಸರದಿ ವಿನಿಮಯ ಮಾಡಿಕೊಂಡು 12ನೆಯದರಿಂದ 10ನೆಯದಕ್ಕೆ ಏರಿ ಅವರನ್ನು ಆರಿಸಿಕೊಂಡಿತು. ಮೊದಲ ಎರಡು ಋತುಗಳಲ್ಲಿ ಅವರು ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳಲಿಲ್ಲ. ಎರಡನೆಯ ಋತುವಿನಲ್ಲಿ 1,196 ಗಜ ಗಳಿಸಿದರು. 2025ರ ಫೆಬ್ರವರಿಯಲ್ಲಿ ಈಗಲ್ಸ್ ಗೆದ್ದ ಸೂಪರ್ ಬೌಲ್‌ನಲ್ಲಿ, ಎಂದರೆ ಲೀಗ್‌ನ ಅಂತಿಮ ಪಂದ್ಯದಲ್ಲಿ, 46 ಗಜದ ಟಚ್‌ಡೌನ್ ಹಿಡಿದರು.

ಅವರ ವಿಡಿಯೋಗಳನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಗೆರೆಯ ಬಳಿ ಅವರ ಪಾದಗಳ ಕೆಲಸವನ್ನು ಗಮನಿಸಿದರೆ ತೂಕದ ಚರ್ಚೆಯಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ತಿಳಿಯುತ್ತದೆ. ಕಾರ್ನರ್‌ಬ್ಯಾಕ್‌ನ ಕೈ ಎದ್ದ ಕ್ಷಣಕ್ಕೆ ಅವರ ಭುಜ ಅಲ್ಲಿರುವುದಿಲ್ಲ. ಒಳಗಾಲು ಗೆರೆಯನ್ನು ಮುಟ್ಟಿ ಹೊರಗೆ ಹೋದಂತೆ ತೋರಿಸಿ, ಎದುರಾಳಿಯ ಸೊಂಟ ಆ ಕಡೆ ತಿರುಗಿದೊಡನೆ ಒಳಕ್ಕೆ ನುಸುಳುತ್ತಾರೆ. ಹೊಡೆತವೇ ಬೀಳದ ದೇಹಕ್ಕೆ ಹೊಡೆತ ತಾಳುವ ತೂಕ ಅಷ್ಟು ಬೇಕಾಗುವುದಿಲ್ಲ. ಆದರೆ ಈ ಮಟ್ಟದ ಪಾದಚಲನೆ ಅತ್ಯಂತ ವಿರಳ ಎಂಬುದನ್ನೂ ಹೇಳಲೇಬೇಕು. ಅವರ ಉದಾಹರಣೆ ಹಿಡಿದು 166 ಪೌಂಡ್‌ನ ಪ್ರತಿಯೊಬ್ಬನೂ ಹತ್ತನೆಯ ಸರದಿಗೆ ಬರಬಲ್ಲನೆಂದು ವಾದಿಸಿದರೆ ಅದು ಹುಡುಗರ ಮೇಲೆ ಭಾರ ಹೇರಿದಂತೆ.

ಗಾತ್ರವು ಬೆಲೆಯನ್ನು ನಿರ್ಧರಿಸುತ್ತದೆ, ಯಶಸ್ಸನ್ನಲ್ಲ ಎಂದೆನಲ್ಲ, ಅದಕ್ಕೆ 2019ರ ಡ್ರಾಫ್ಟ್‌ಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಆ ವರ್ಷ ಎಲ್ಲರ ಬಾಯಲ್ಲಿದ್ದ ಹೆಸರು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಡಿಕೆ ಮೆಟ್‌ಕಾಫ್. 6 ಅಡಿ 3 ಅಂಗುಲ, 228 ಪೌಂಡ್, ಆ ದೇಹ ಹೊತ್ತು 40 ಗಜವನ್ನು 4.33 ಸೆಕೆಂಡಿನಲ್ಲಿ ಓಡಿದವರು. ಆದರೂ ಮೊದಲು ಆಯ್ಕೆಯಾದ ರಿಸೀವರ್ ಅವರಲ್ಲ. ಬಾಲ್ಟಿಮೋರ್ ರೇವನ್ಸ್ 25ನೆಯ ಸರದಿಯಲ್ಲಿ ಮಾರ್ಕೀಸ್ ಬ್ರೌನ್ ಎಂಬ, ನಾನು ಮೇಲೆ ಹೇಳಿದ 5093 ಎತ್ತರದ, 166 ಪೌಂಡ್‌ನ ಆಟಗಾರನನ್ನು ಕರೆಯಿತು. ಮೆಟ್‌ಕಾಫ್ ಎರಡನೆಯ ಸುತ್ತಿನ ಕಟ್ಟಕಡೆಗೆ, 64ನೆಯವರಾಗಿ, ಒಂಬತ್ತನೆಯ ರಿಸೀವರ್ ಆಗಿ ಸಿಯಾಟಲ್ ಸೀಹಾಕ್ಸ್ ಪಾಲಾದರು. ಕಾಲೇಜಿನಲ್ಲಿ ಕುತ್ತಿಗೆಗೆ ಆದ ಗಾಯ ಒಂದು ಕಾರಣ; ಇನ್ನೊಂದು, ಮೂರು ಕೋನ್‌ಗಳ ಸುತ್ತ ತಿರುಗಿ ಓಡುವ ಪರೀಕ್ಷೆಯಲ್ಲಿ ಅವರು ತೆಗೆದುಕೊಂಡ 7.38 ಸೆಕೆಂಡು. ರಿಸೀವರ್‌ಗೆ ಅದು ನಿಧಾನವೆಂದೇ ಲೆಕ್ಕ. ಆ ಒಂದು ಅಂಕಿಯನ್ನು ಹಿಡಿದು ಇವರಿಗೆ ತಿರುವು ತೆಗೆದುಕೊಳ್ಳಲು ಬರುವುದಿಲ್ಲ ಎಂದವರಿಗೆ ಅವರು ಎರಡನೆಯ ಋತುವಿನಲ್ಲಿ 1,303 ಗಜ ಗಳಿಸಿ ಉತ್ತರ ಕೊಟ್ಟರು. ಬ್ರೌನ್ ಕೂಡ 2021ರಲ್ಲಿ ಸಾವಿರ ಗಜ ದಾಟಿದರು.

ಅದೇ ಪಟ್ಟಿಯ ನಡುವಿನ ಹೆಸರುಗಳನ್ನು ನೋಡಿ. 32ನೆಯವರಾಗಿ ಆಯ್ಕೆಯಾದ ಎನ್‌ಕೀಲ್ ಹ್ಯಾರಿ, 57ನೆಯ ಜೆಜೆ ಆರ್ಸೇಗಾ-ವೈಟ್‌ಸೈಡ್ ಇಬ್ಬರೂ 6 ಅಡಿ 2 ಅಂಗುಲ ಎತ್ತರ, 225 ಪೌಂಡ್ ಆಸುಪಾಸಿನ, ಎಕ್ಸ್ ಜಾಗಕ್ಕೆಂದೇ ಎರಕ ಹೊಯ್ದಂತಿದ್ದ ಆಟಗಾರರು. ಇಬ್ಬರಿಗೂ ರಿಸೀವರ್ ಆಗಿ ನೆಲೆ ಸಿಗಲಿಲ್ಲ. ಮುಂದೆ ಇಬ್ಬರೂ, ಎದುರಾಳಿಗಳನ್ನು ತಡೆಯುತ್ತ ಚೆಂಡನ್ನೂ ಹಿಡಿಯುವ ಭಾರಿ ದೇಹದವರ ಟೈಟ್ ಎಂಡ್ ಜಾಗದಲ್ಲಿ ಆಡಲು ಪ್ರಯತ್ನಿಸಬೇಕಾಯಿತು. 62ನೆಯವರಾದ ಆಂಡಿ ಇಸಾಬೆಲ್ಲಾ 5 ಅಡಿ 9 ಅಂಗುಲದವರು, ಮೆಟ್‌ಕಾಫ್‌ಗಿಂತಲೂ ವೇಗವಾಗಿ ಓಡಿದ್ದವರು. ಅವರಿಗೂ ಲೀಗ್ ಒಲಿಯಲಿಲ್ಲ. 36ನೆಯ ಡೀಬೊ ಸ್ಯಾಮುಯೆಲ್ ಎತ್ತರದಲ್ಲಿ 6 ಅಡಿಗೆ ಕಡಿಮೆ, ಆದರೆ 214 ಪೌಂಡ್‌ನ ಗಟ್ಟಿ ದೇಹ. 2021ರಲ್ಲಿ ಅವರು ಚೆಂಡು ಹಿಡಿದು 1,405 ಗಜ ಗಳಿಸಿದ್ದಲ್ಲದೆ ಓಟಗಾರನಾಗಿಯೂ ಆಡಿ 365 ಗಜ ಸೇರಿಸಿದರು. ಈ ಒಂದೇ ಪಟ್ಟಿಯಲ್ಲಿ ದೊಡ್ಡವರು ಗೆದ್ದಿದ್ದಾರೆ, ದೊಡ್ಡವರು ಸೋತಿದ್ದಾರೆ, ಸಣ್ಣವರದೂ ಅದೇ ಕಥೆ. ಗೆದ್ದವರಲ್ಲಿ ಸಮಾನವಾಗಿ ಕಾಣುವುದು ಒಂದೇ: ತಮ್ಮ ದೇಹಕ್ಕೆ ಒಪ್ಪುವ ಒಂದು ಕೆಲಸವನ್ನು ಅವರು ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲವರಾಗಿದ್ದರು ಮತ್ತು ತಂಡ ಅವರಿಗೆ ಅದೇ ಕೆಲಸವನ್ನು ಕೊಟ್ಟಿತ್ತು.

ಕೆಲಸವೇ ಗೊತ್ತಿಲ್ಲದೆ ಆರಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 2013ರ ಟವಾನ್ ಆಸ್ಟಿನ್ ಉದಾಹರಣೆ ಇದೆ. 5 ಅಡಿ 8 ಅಂಗುಲ, 174 ಪೌಂಡ್‌ನ, ಮಿಂಚಿನ ವೇಗದ ಈ ಆಟಗಾರನಿಗಾಗಿ ಸೇಂಟ್ ಲೂಯಿಸ್ ರ್‍ಯಾಮ್ಸ್ 16ನೆಯ ಸರದಿಯಿಂದ 8ಕ್ಕೆ ಏರಿತು. ಅವರು ಯಾವ ಋತುವಿನಲ್ಲೂ ರಿಸೀವರ್ ಆಗಿ 600 ಗಜವನ್ನು ಕಾಣಲಿಲ್ಲ. ಅದೇ ಡ್ರಾಫ್ಟ್‌ನಲ್ಲಿ 27ನೆಯವರಾಗಿ ಡಿಆಂಡ್ರೆ ಹಾಪ್ಕಿನ್ಸ್, 76ನೆಯವರಾಗಿ ಕೀನನ್ ಅಲೆನ್ ಉಳಿದಿದ್ದರು, ಇಬ್ಬರೂ ಮುಂದೆ ಹೆಸರು ಮಾಡಿದ ರಿಸೀವರ್‌ಗಳು. ಅಂಥ ದುಬಾರಿ ಆಯ್ಕೆಯೊಂದು ಕೈಕೊಟ್ಟರೆ ಮುಂದಿನ ಎಷ್ಟೋ ಸಣ್ಣ ಆಟಗಾರರು ಅದರ ಬಿಸಿ ಅನುಭವಿಸುತ್ತಾರೆ ಎಂಬುದು ನನಗೆ ಬೇಸರ ತರಿಸುವ ಸಂಗತಿ. 2014ರಲ್ಲಿ ಆಯ್ಕೆಯಾದ, 6 ಅಡಿ 5 ಅಂಗುಲದ ಕೆಲ್ವಿನ್ ಬೆಂಜಮಿನ್ ಮೊದಲ ಋತುವಿನ ಹೊಳಪಿನ ನಂತರ ಮಂಕಾದಾಗ, ಎತ್ತರದವರನ್ನು ಆರಿಸುವುದೇ ತಪ್ಪೆಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಏಕೆಂದರೆ ಅದೇ 2014ರಲ್ಲಿ 7ನೆಯವರಾಗಿ ಬಂದ, ಅಷ್ಟೇ ಎತ್ತರದ ಮೈಕ್ ಇವಾನ್ಸ್ ಸತತ 11 ಋತುಗಳಲ್ಲಿ ಸಾವಿರ ಗಜ ದಾಟಿದ್ದಾರೆ. ಸಣ್ಣವರ ವಿಚಾರದಲ್ಲೂ ಇದೇ ನ್ಯಾಯ ಇರಬೇಕಾಗಿತ್ತು.

ದೊಡ್ಡ ದೇಹ ಮತ್ತು ಅಸಾಧಾರಣ ವೇಗ ಒಂದೇ ಆಟಗಾರನಲ್ಲಿ ಕೂಡಿ ಬಂದರೆ ತಂಡಗಳು ಹಿಂದುಮುಂದು ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. 2007ರಲ್ಲಿ ಡೆಟ್ರಾಯ್ಟ್ ಲಯನ್ಸ್ ಎರಡನೆಯ ಸರದಿಯಲ್ಲಿಯೇ ಆರಿಸಿಕೊಂಡ ಕ್ಯಾಲ್ವಿನ್ ಜಾನ್ಸನ್ 6 ಅಡಿ 5 ಅಂಗುಲ, 239 ಪೌಂಡ್. 2012ರಲ್ಲಿ ಅವರು ಗಳಿಸಿದ 1,964 ಗಜ ಒಂದು ಋತುವಿನ ದಾಖಲೆ. ಅಂಥವರು ದಶಕಕ್ಕೆ ಒಬ್ಬರೋ ಇಬ್ಬರೋ.

ಈಚಿನ ವರ್ಷಗಳ ಒಲವು ತಿಳಿಯಲು 2023ರ ಮೊದಲ ಸುತ್ತನ್ನು ನೋಡಿದರೆ ಸಾಕು. 20ರಿಂದ 23ರವರೆಗಿನ ನಾಲ್ಕು ಸರದಿಗಳಲ್ಲಿ ಸಾಲಾಗಿ ನಾಲ್ವರು ರಿಸೀವರ್‌ಗಳು ಆಯ್ಕೆಯಾದರು. ಆ ನಾಲ್ವರಲ್ಲಿ ಕ್ವೆಂಟಿನ್ ಜಾನ್‌ಸ್ಟನ್ ಒಬ್ಬರೇ 6 ಅಡಿ 3 ಅಂಗುಲದ ದೊಡ್ಡ ಆಟಗಾರ. ಝೇ ಫ್ಲವರ್ಸ್ 5 ಅಡಿ 9 ಅಂಗುಲ, 182 ಪೌಂಡ್. ಜೋರ್ಡನ್ ಆಡಿಸನ್ 173 ಪೌಂಡ್. ಮೊದಲ ಋತುವಿನಲ್ಲಿ ಫ್ಲವರ್ಸ್ 858, ಆಡಿಸನ್ 911 ಗಜ ಗಳಿಸಿದರೆ ಜಾನ್‌ಸ್ಟನ್ 431ಕ್ಕೆ ನಿಂತರು. ಮರುವರ್ಷ, 2024ರಲ್ಲಿ, 165 ಪೌಂಡ್‌ನ ಝೇವಿಯರ್ ವರ್ದಿ 40 ಗಜವನ್ನು 4.21 ಸೆಕೆಂಡಿನಲ್ಲಿ ಓಡಿ ಕಂಬೈನ್ ದಾಖಲೆ ಬರೆದರು, ಕಾನ್ಸಾಸ್ ಸಿಟಿ ಚೀಫ್ಸ್ ಅವರನ್ನು ಮೊದಲ ಸುತ್ತಿನಲ್ಲಿಯೇ ತೆಗೆದುಕೊಂಡಿತು. ಹಗುರ ದೇಹದವನು ಮೊದಲ ಸುತ್ತಿಗೆ ಬರಬೇಕಾದರೆ ಅವನಲ್ಲಿ ಒಂದು ಗುಣ ಯಾರೂ ಅಲ್ಲಗಳೆಯಲಾಗದಷ್ಟು ಎದ್ದು ಕಾಣಬೇಕು. ಡೆವೊಂಟಾ ಸ್ಮಿತ್‌ಗೆ ಅದು ಪಾದಚಲನೆ ಮತ್ತು ಕಾಲೇಜಿನ ಸಾಧನೆ, ವರ್ದಿಗೆ ವೇಗ.

ಗಾಯದ ಪ್ರಶ್ನೆಯನ್ನು ತಾಯಿ ತಂದೆಯರಾಗಿ ನೀವು ಕೇಳಿಲ್ಲದಿದ್ದರೂ ಅದು ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ತಂಡಗಳ ಮನಸ್ಸಿನಲ್ಲೂ ಇದೆ. 2023ರಲ್ಲಿ ಮೂರನೆಯ ಸುತ್ತಿನಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಸೇರಿದ ಟ್ಯಾಂಕ್ ಡೆಲ್ 5 ಅಡಿ 8 ಅಂಗುಲ, 165 ಪೌಂಡ್. 11 ಪಂದ್ಯಗಳಲ್ಲಿ 709 ಗಜ, 7 ಟಚ್‌ಡೌನ್ ಗಳಿಸಿ ಎಲ್ಲರ ಮನ ಗೆದ್ದಿದ್ದ ಅವರ ಕಾಲಿನ ಮೂಳೆ ಆ ಡಿಸೆಂಬರ್‌ನಲ್ಲಿ ಮುರಿಯಿತು. ಮುರಿದದ್ದು ಚೆಂಡು ಹಿಡಿಯುವಾಗಲ್ಲ. ಗೋಲು ಗೆರೆಯ ಬಳಿ ಸಹ ಆಟಗಾರನ ಓಟಕ್ಕೆ ದಾರಿ ಮಾಡಿಕೊಡಲು ನಿಂತಾಗ, ಭಾರಿ ದೇಹಗಳ ರಾಶಿ ಅವರ ಮೇಲೆ ಕುಸಿದು. ಸಣ್ಣ ಆಟಗಾರನನ್ನು ಎಲ್ಲಿ ನಿಲ್ಲಿಸಬಾರದು ಎಂಬ ವಿವೇಕ ತರಬೇತುದಾರರಿಗೆ ಬೇಕು ಎನ್ನಲು ಇದಕ್ಕಿಂತ ನೋವಿನ ಪಾಠ ಬೇಕಿಲ್ಲ. ಮರುವರ್ಷ ಅವರ ಮಂಡಿಗೂ ತೀವ್ರ ಪೆಟ್ಟಾಯಿತು. ಆದರೆ ಇದನ್ನಷ್ಟೇ ನೋಡಿ ಹಗುರ ದೇಹಕ್ಕೆ ಗಾಯ ಕಟ್ಟಿಟ್ಟ ಬುತ್ತಿ ಎನ್ನಲಾಗದು. 2015ರಲ್ಲಿ 7ನೆಯವರಾಗಿ ಆಯ್ಕೆಯಾದ, 6 ಅಡಿ 3 ಅಂಗುಲದ ಕಟ್ಟಾಳು ಕೆವಿನ್ ವೈಟ್ ಗಾಯಗಳ ಕಾರಣದಿಂದ ಶಿಕಾಗೊ ಬೇರ್ಸ್ ಪರ ನಾಲ್ಕು ಋತುಗಳಲ್ಲಿ ಆಡಿದ್ದು ಬರೀ 14 ಪಂದ್ಯ.

ಇನ್ನು, ತಡವಾಗಿ ಆಯ್ಕೆಯಾಗುವುದರ ನಿಜವಾದ ನಷ್ಟ ಏನು? ಮುಂದೆ ಲೀಗ್‌ನ ಶ್ರೇಷ್ಠ ರಿಸೀವರ್‌ಗಳಲ್ಲಿ ಒಬ್ಬರೆನಿಸಿದ ಆಂಟೋನಿಯೊ ಬ್ರೌನ್ ಆರನೆಯ ಸುತ್ತಿನಲ್ಲಿ, 195ನೆಯವರಾಗಿ ಬಂದರು. ಜೂಲಿಯನ್ ಎಡಲ್‌ಮನ್ ಏಳನೆಯ ಸುತ್ತಿನವರು, ಕಾಲೇಜಿನಲ್ಲಿ ರಿಸೀವರ್ ಕೂಡ ಆಗಿರಲಿಲ್ಲ, ಕ್ವಾರ್ಟರ್‌ಬ್ಯಾಕ್ ಆಗಿದ್ದರು; ಮುಂದೆ ಸೂಪರ್ ಬೌಲ್ ಒಂದರ ಅತ್ಯುತ್ತಮ ಆಟಗಾರ ಎನಿಸಿದರು. 5 ಅಡಿ 9 ಅಂಗುಲದ ವೆಸ್ ವೆಲ್ಕರ್ ನಿಮ್ಮ ರಾಜ್ಯದ ಟೆಕ್ಸಸ್ ಟೆಕ್‌ನಲ್ಲಿ ಆಡಿದವರು, 2004ರಲ್ಲಿ ಅವರನ್ನು ಯಾವ ತಂಡವೂ ಆರಿಸಲೇ ಇಲ್ಲ. 2007, 2009 ಮತ್ತು 2011ರಲ್ಲಿ ಲೀಗ್‌ನಲ್ಲಿ ಅತಿ ಹೆಚ್ಚು ಬಾರಿ ಚೆಂಡು ಹಿಡಿದವರ ಸಾಲಿನ ತುದಿಯಲ್ಲಿ ಅವರಿದ್ದರು. ಈ ಹೆಸರುಗಳು ಧೈರ್ಯ ಕೊಡುತ್ತವೆ, ನಿಜ. ಆದರೆ ಇವರ ಹಿಂದೆ ಒಂದೇ ತರಬೇತಿ ಶಿಬಿರದಲ್ಲಿ ಹೊರಬಿದ್ದು ಮತ್ತೆ ಕರೆ ಬಾರದೆ ಉಳಿದ ನೂರಾರು ಮಂದಿ ಇದ್ದಾರೆ. ಮೊದಲ ಸುತ್ತಿನವನ ಮೇಲೆ ತಂಡ ದೊಡ್ಡ ಹಣ ಹೂಡಿರುತ್ತದೆ. 2011ರ ಒಪ್ಪಂದದ ಬಳಿಕ ಅವನನ್ನು ಐದನೆಯ ವರ್ಷಕ್ಕೂ ಉಳಿಸಿಕೊಳ್ಳುವ ಅವಕಾಶ ತಂಡಕ್ಕಿದೆ. ಆದ್ದರಿಂದ ಅವನು ಎರಡು ವರ್ಷ ಎಡವಿದರೂ ತಾಳ್ಮೆ ತೋರಿಸುತ್ತಾರೆ. ಆರನೆಯ ಸುತ್ತಿನವನಿಗೆ ಆಗಸ್ಟ್ ತಿಂಗಳ ಕೆಲವು ವಾರಗಳೇ ಪರೀಕ್ಷೆ. ಸಣ್ಣ ದೇಹಕ್ಕೆ ತೆರಬೇಕಾದ ಬೆಲೆ ಈ ತಾಳ್ಮೆಯ ಕೊರತೆಯಲ್ಲಿದೆ.

ನಿಮ್ಮ ಮಗನ ವಿಚಾರಕ್ಕೆ ಬರುತ್ತೇನೆ. ಒಂದೇ ವರ್ಷದಲ್ಲಿ 20 ಪೌಂಡ್ ಬೇಡ. 16ರ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಒಂದೆರಡು ಅಂಗುಲ ಎತ್ತರವೂ ಬರಬಹುದು. ಅವಸರದಲ್ಲಿ ಏರಿಸಿದ ತೂಕದಲ್ಲಿ ಕೊಬ್ಬಿನ ಪಾಲು ಹೆಚ್ಚಾಗಿ, ಇರುವ ಒಂದೇ ಬಂಡವಾಳವಾದ ಚುರುಕುತನ ಕರಗುವ ಅಪಾಯವಿದೆ. ವರ್ಷಕ್ಕೆ ಆರೇಳು ಪೌಂಡ್‌ನಂತೆ, ಕಾಲು ಮತ್ತು ಸೊಂಟದ ಬಲಕ್ಕೆ ಒತ್ತು ಕೊಟ್ಟು ಬೆಳೆಸಿದರೆ ಕಾಲೇಜಿನ ಮೂರನೆಯ ವರ್ಷದ ಹೊತ್ತಿಗೆ 180ರ ಆಸುಪಾಸು ತಲುಪುತ್ತಾನೆ. 5 ಅಡಿ 9 ಅಂಗುಲದವನಿಗೆ ಅದು ಗೌರವದ ತೂಕ, ಫ್ಲವರ್ಸ್ ಮೊದಲ ಸುತ್ತಿಗೆ ಬಂದದ್ದು ಬಹುತೇಕ ಅದೇ ಅಳತೆಯಲ್ಲಿ. ಪ್ರತಿ ನಾಲ್ಕು ತಿಂಗಳಿಗೊಮ್ಮೆ ತೂಕದ ಜೊತೆಗೆ ಓಟದ ಸಮಯವನ್ನೂ ಬರೆದಿಡಿ. ತೂಕ ಏರಿ ಸಮಯ ಹದಗೆಟ್ಟರೆ ಅಲ್ಲಿಗೆ ನಿಲ್ಲಿಸಿ, ಕ್ರೀಡಾ ಆಹಾರತಜ್ಞರನ್ನು ಕಾಣಿ.

ಎದುರಾಳಿ ಒದ್ದು ಕಳುಹಿಸುವ ಚೆಂಡನ್ನು, ಎಂದರೆ ಪಂಟ್ ಮತ್ತು ಕಿಕ್‌ಆಫ್‌ಗಳನ್ನು, ಹಿಡಿದು ಓಡುವ ಕೆಲಸವನ್ನು ಅವನು ಈಗಿನಿಂದಲೇ ಕೇಳಿ ಪಡೆಯಲಿ. ಸ್ಟೀವ್ ಸ್ಮಿತ್ ತಮ್ಮ ಮೊಟ್ಟಮೊದಲ ಎನ್‌ಎಫ್‌ಎಲ್ ಪಂದ್ಯದ ಆರಂಭದ ಕಿಕ್‌ಆಫ್‌ನ್ನೇ ಹಿಡಿದು 93 ಗಜ ಓಡಿ ಟಚ್‌ಡೌನ್ ಮಾಡಿದವರು. ರಿಸೀವರ್ ಆಗಿ ನೆಲೆ ಸಿಗುವವರೆಗೆ ಸಣ್ಣ ಆಟಗಾರನಿಗೆ ತಂಡದಲ್ಲಿ ಜಾಗ ಉಳಿಸಿಕೊಡುವುದು ಈ ಕೆಲಸವೇ. 2024ರಲ್ಲಿ ಬದಲಾದ ಕಿಕ್‌ಆಫ್ ನಿಯಮದಿಂದ ಹಿಡಿದು ಓಡುವ ಅವಕಾಶಗಳು ಹೆಚ್ಚಿವೆ, ಅಂಥವರ ಬೇಡಿಕೆಯೂ ಹೆಚ್ಚಿದೆ.

ಕಾಲೇಜು ತರಬೇತುದಾರರಿಗೆ ಕಳುಹಿಸುವ ವಿಡಿಯೋ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಹುಡುಗರು ಉದ್ದನೆಯ ಟಚ್‌ಡೌನ್‌ಗಳನ್ನು ಮುಂದೆ ಜೋಡಿಸುತ್ತಾರೆ. ಸಣ್ಣ ರಿಸೀವರ್‌ನ ವಿಡಿಯೋ ನೋಡುವವರು ಹುಡುಕುವುದು ಬೇರೆ. ಎದುರಾಳಿ ಮೂಗಿನ ಬಳಿ ನಿಂತಾಗ ಇವನು ಕೈಗೆ ಸಿಗದೆ ಹೇಗೆ ಹೊರಟ, ಮೈದಾನದ ನಡುವೆ ಹೊಡೆತ ಬೀಳುವುದು ಗೊತ್ತಿದ್ದೂ ಚೆಂಡಿನಿಂದ ಕಣ್ಣು ತೆಗೆಯದೆ ಹಿಡಿದನೇ, ಓಟದ ಆಟದಲ್ಲಿ ತನಗಿಂತ ದೊಡ್ಡವನಿಗೆ ಅಡ್ಡ ನಿಲ್ಲಲು ಹಿಂಜರಿದನೇ? ಈ ಮೂರಕ್ಕೂ ಉತ್ತರವಾಗುವ ಎಂಟು ಹತ್ತು ತುಣುಕುಗಳನ್ನು ಮೊದಲ ಒಂದು ನಿಮಿಷದೊಳಗೆ ಇಡಿ, ಟಚ್‌ಡೌನ್‌ಗಳು ಆಮೇಲೆ ಬರಲಿ. ಎತ್ತರ, ತೂಕವನ್ನು ಇದ್ದದ್ದು ಇದ್ದಂತೆಯೇ ಬರೆಯಿರಿ. 5 ಅಡಿ 9 ಅಂಗುಲವನ್ನು 5 ಅಡಿ 11 ಎಂದು ಬರೆದು ಕಳುಹಿಸಿದ ಮಕ್ಕಳನ್ನು ಶಿಬಿರದಲ್ಲಿ ಅಳತೆಗೋಲಿನ ಮುಂದೆ ನಿಲ್ಲಿಸಿದಾಗ, ಅಳೆದವರು ಅಂಕಿ ತಿದ್ದಿಕೊಂಡು ಮುಂದಿನವನನ್ನು ಕರೆಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ಆಮೇಲೆ ಆ ಹುಡುಗ ಓಡಿದ ಓಟವನ್ನು ಅವರು ಅಷ್ಟು ಗಮನವಿಟ್ಟು ನೋಡಲಿಲ್ಲ.